ಗುಂಡಿಯ ಬೆನ್ನು ಓದುವುದು

ಇಂಗ್ಲೆಂಡಿನ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರು ಚಿನ್ನದ ನಾಣ್ಯದ ಕನಸು ಕಾಣುತ್ತಾರೆ. ಕೈಗೆ ಬರುವುದು ಗುಂಡಿ. ಕೋಟಿನ ಗುಂಡಿ, ಒಳಕೋಟಿನ ಗುಂಡಿ, ಪ್ಯಾಂಟಿನ ಗುಂಡಿ. ನೆಲದಲ್ಲಿ ಒಂದು ಗುಂಡಿ ತೋಡಿದರೆ ಅದರೊಳಗೆ ಇನ್ನೊಂದು ಗುಂಡಿ! ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಇರುವುದು ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಭಾನುವಾರ ಬಿಡುವಾದಾಗ ನಾನು ವಾರಿಕ್‌ಶೈರಿನ ರೈತರೊಬ್ಬರ ಹೊಲಕ್ಕೆ ಹೋಗುತ್ತೇನೆ. ಅವರ ಅನುಮತಿ ಪಡೆದೇ ಹೋಗುವುದು. ಉಳುಮೆ ಮುಗಿದು ಒಂದು ಮಳೆ ಬಿದ್ದಿದ್ದರೆ ಹುಡುಕಲು ಒಳ್ಳೆಯ ಸಮಯ. ಜೊತೆಗೆ ಬರುವವರಲ್ಲಿ ಹೆಚ್ಚಿನವರು ಗುಂಡಿ ಸಿಕ್ಕಿದರೆ ಚೀಲಕ್ಕೆ ಎಸೆದು ಮುಂದೆ ಹೋಗುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇಷ್ಟು ಚಿಕ್ಕ ವಸ್ತು ತನ್ನ ಕಾಲವನ್ನು ಇಷ್ಟು ಚೆನ್ನಾಗಿ ಹೇಳುವುದು ಅಪರೂಪ. ಓದಲು ಬರಬೇಕು, ಅಷ್ಟೇ. ಮೊದಲು ಕಲಿಯಬೇಕಾದ ಪಾಠ ಒಂದೇ: ಮುಖ ನೋಡುವ ಮುಂಚೆ ಬೆನ್ನು ನೋಡಿ.

ಒಂದು ಗುಂಡಿಯನ್ನೇ ಹತ್ತಿರದಿಂದ ನೋಡೋಣ. ಈಗ ನನ್ನ ಮೇಜಿನ ಮೇಲಿದೆ. ನಮ್ಮ ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಚಪ್ಪಟೆ, ಒಂದೇ ತಗಡು. ಮುಖದ ಮೇಲೆ ಏನೂ ಇಲ್ಲ, ಹಸಿರು ಕಿಲುಬು ಬಿಟ್ಟರೆ. ಹಿಂದೆ ತಿರುಗಿಸಿದರೆ ನಡುವೆ ಹಿತ್ತಾಳೆ ತಂತಿಯ ಕೊಂಡಿ ಇದೆ. ಕೊಂಡಿಯ ಎರಡೂ ಕಾಲು ಹೊರಕ್ಕೆ ಬಾಗಿವೆ. ನಮ್ಮ 'ಗ' ಅಕ್ಷರದ ತಲೆಕಟ್ಟು ತೆಗೆದರೆ ಹೇಗೆ ಕಾಣುತ್ತದೋ ಹಾಗೆ. ಆ ಕಾಲುಗಳನ್ನು ತಗಡಿಗೆ ಬೆಸೆದಿದ್ದಾರೆ. ಕೊಂಡಿಯ ಸುತ್ತ ಚಿಕ್ಕ ಅಕ್ಷರಗಳು: 'ಟ್ರೆಬಲ್ ಗಿಲ್ಟ್'. ಅಂದರೆ ಮೂರು ಪಟ್ಟು ಚಿನ್ನದ ಲೇಪ. ಅಕ್ಷರದ ಸಂದಿಯಲ್ಲಿ ಇನ್ನೂ ಒಂದೆರಡು ಕಡೆ ಹಳದಿ ಹೊಳಪು ಉಳಿದಿದೆ. ತಯಾರಕರ ಹೆಸರಿಲ್ಲ, ಇಸವಿ ಇಲ್ಲ. ಆದರೂ ಇದು ಹೆಚ್ಚು ಕಡಿಮೆ 1800ರಿಂದ 1830ರ ಒಳಗಿನದು ಎಂದು ಧೈರ್ಯವಾಗಿ ಹೇಳುತ್ತೇನೆ. ಹೇಗೆ?

ಮೊದಲು ಆ 'ಗಿಲ್ಟ್' ಎಂಬ ಪದ ಹಿಡಿಯಿರಿ. ಹದಿನೆಂಟನೇ ಶತಮಾನದ ಕೊನೆಗೆ ಬರ್ಮಿಂಗ್‌ಹ್ಯಾಮ್ ಗುಂಡಿಗಳ ರಾಜಧಾನಿಯಾಗಿತ್ತು. ಪೈಪೋಟಿ ಜಾಸ್ತಿಯಾದಾಗ ಕೆಲವರು ಚಿನ್ನ ಸೋಕಿಸಿದ ಹಾಗೆ ಮಾಡಿ 'ಗಿಲ್ಟ್' ಎಂದು ಮಾರತೊಡಗಿದರು. ಅದನ್ನು ತಡೆಯಲು ಬ್ರಿಟಿಷ್ ಸಂಸತ್ತು 1796ರಲ್ಲಿ ಒಂದು ಕಾಯ್ದೆ ತಂದಿತು. ಒಂದು ಇಂಚು ಅಗಲದ 144 ಗುಂಡಿಗಳಿಗೆ ಕನಿಷ್ಠ 5 ಗ್ರೇನ್ ಚಿನ್ನ ಇರಬೇಕು, ಆಗ ಮಾತ್ರ 'ಗಿಲ್ಟ್' ಎಂದು ಬರೆಯಬಹುದು. 5 ಗ್ರೇನ್ ಅಂದರೆ ಗ್ರಾಮಿನ ಮೂರನೇ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ಅಷ್ಟು ಚಿನ್ನ ಹನ್ನೆರಡು ಡಜನ್ ಗುಂಡಿಗೆ! ಪಾದರಸದಲ್ಲಿ ಚಿನ್ನ ಕರಗಿಸಿ, ಗುಂಡಿಗೆ ಬಳಿದು, ಕಾಯಿಸಿದರೆ ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಅಂಟಿಕೊಳ್ಳುತ್ತದೆ. ಆ ಆವಿ ಕುಡಿದ ಕೆಲಸಗಾರರ ಪಾಡನ್ನು ನೆನೆದರೆ ಈ ಹೊಳಪು ಅಷ್ಟು ಸಲೀಸಾಗಿ ಬಂದದ್ದಲ್ಲ ಎಂದು ಗೊತ್ತಾಗುತ್ತದೆ. 1840ರಲ್ಲಿ ಎಲ್ಕಿಂಗ್ಟನ್ ಮನೆತನದವರು ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ ಪಾದರಸದ ಪದ್ಧತಿ ನಿಧಾನವಾಗಿ ಹಿಂದೆ ಬಿತ್ತು.

ಕಾಯ್ದೆ ಬಂದ ಮೇಲೆ ಗುಂಡಿಯ ಬೆನ್ನು ಜಾಹೀರಾತಿನ ಜಾಗವಾಯಿತು. 'ಡಬಲ್ ಗಿಲ್ಟ್', 'ಟ್ರೆಬಲ್ ಗಿಲ್ಟ್', 'ಪ್ಲೇಟೆಡ್', 'ಎಕ್ಸ್‌ಟ್ರಾ ರಿಚ್', 'ರಿಚ್ ಆರೆಂಜ್', 'ಬೆಸ್ಟ್ ಕ್ವಾಲಿಟಿ'. ಈ ಬಗೆಯ ಮಾತು ಕಂಡರೆ ಸಾಮಾನ್ಯವಾಗಿ 1796ರ ನಂತರದ್ದು. ಅಲ್ಲಿಗೆ ಕೆಳಗಿನ ಗಡಿ ಸಿಕ್ಕಿತು.

ಮೇಲಿನ ಗಡಿಗೆ ಗುಂಡಿಯ ಮೈಕಟ್ಟು ನೋಡಬೇಕು. ನನ್ನದು ಒಂದೇ ತಗಡಿನದು ಎಂದೆನಲ್ಲ. 1813ರಲ್ಲಿ ಬರ್ಮಿಂಗ್‌ಹ್ಯಾಮಿನ ಬೆಂಜಮಿನ್ ಸ್ಯಾಂಡರ್ಸ್ ಎಂಬಾತ ಎರಡು ತುಂಡಿನ ಗುಂಡಿಗೆ ದಾರಿ ಮಾಡಿದ. ಮುಂದೆ ತೆಳು ಚಿಪ್ಪು, ಹಿಂದೆ ಒಂದು ತಟ್ಟೆ. ಚಿಪ್ಪಿನ ಅಂಚನ್ನು ತಟ್ಟೆಯ ಮೇಲೆ ಮಡಚಿ ಒತ್ತಿದರೆ ಮುಗಿಯಿತು. ಒಳಗೆ ಟೊಳ್ಳು, ತೂಕ ಕಡಿಮೆ, ಮುಖ ಉಬ್ಬಿಸಿ ಚಿತ್ರ ಮೂಡಿಸುವುದೂ ಸುಲಭ. ಇಂದಿನ ಪೊಲೀಸ್ ಸಮವಸ್ತ್ರದ ಉಬ್ಬು ಗುಂಡಿ ಇದೇ ವಂಶದ್ದು. ಬರುಬರುತ್ತಾ ಚಪ್ಪಟೆ ಒಂಟಿ ತಗಡಿನ ಕೋಟು ಗುಂಡಿ ಬಳಕೆ ತಪ್ಪಿತು. ಹಾಗಾಗಿ ಚಪ್ಪಟೆ ತಗಡು, ಬೆಸೆದ ಕೊಂಡಿ, 'ಗಿಲ್ಟ್' ಎಂಬ ಪದ, ಇವು ಮೂರೂ ಒಟ್ಟಿಗೆ ಸಿಕ್ಕಿದರೆ ಹತ್ತೊಂಬತ್ತನೇ ಶತಮಾನದ ಮೊದಲ ಮೂವತ್ತು ವರ್ಷದ ಕಡೆಗೆ ಬೆರಳು ತೋರಿಸುತ್ತವೆ.

ಬೆಸೆದ ಕೊಂಡಿಗೂ ಹಿಂದಿನ ಗುಂಡಿಗಳು ಬೇರೆ ಥರ. ಹದಿನೆಂಟನೇ ಶತಮಾನದ ಹೊಲದ ಗುಂಡಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಟಾಂಬಾಕ್. ಅದು ತಾಮ್ರ ಮತ್ತು ಸತುವಿನ ಮಿಶ್ರಲೋಹ, ಬಣ್ಣ ಬೂದುಬಿಳಿ. ಎರಡು ಮೂರು ನೂರು ವರ್ಷ ಮಣ್ಣಿನಲ್ಲಿದ್ದರೂ ಹಸಿರು ಕಿಲುಬು ಹಿಡಿಯದೆ ನಯವಾಗಿ ಎದ್ದು ಬರುತ್ತದೆ. ಅದರ ಕೊಂಡಿ ಸುಮ್ನೆ ಬೆಸೆದದ್ದಲ್ಲ. ಎರಕ ಹೊಯ್ಯುವಾಗಲೇ ಬುಡದಲ್ಲಿ ಒಂದು ಗುಬುಟು ಎಬ್ಬಿಸಿ ಅದರೊಳಗೆ ತಂತಿ ಕೂರಿಸಿರುತ್ತಾರೆ. ಆಮೇಲೆ ಬೆನ್ನನ್ನು ಚರಕಿಗೆ ಕೊಟ್ಟು ನಯ ಮಾಡಿದ ಗುರುತು ಸುತ್ತುಸುತ್ತಾದ ಗೀರುಗಳಾಗಿ ಉಳಿದಿರುತ್ತದೆ. ಗುಬುಟು ಮತ್ತು ಗೀರು ಕಂಡವೋ, ಅಕ್ಷರ ಹುಡುಕುವ ಅಗತ್ಯವೇ ಇಲ್ಲ. ಕೆಲವದರ ಅಗಲ ಮೂರು ಸೆಂಟಿಮೀಟರಿಗೂ ಜಾಸ್ತಿ. ಇಲ್ಲಿಯವರು ಅಂಥ ದೊಡ್ಡ ಕೋಟು ಗುಂಡಿಗಳನ್ನು 'ಡ್ಯಾಂಡಿ ಬಟನ್' ಎನ್ನುತ್ತಾರೆ. ಶೋಕಿ ಗುಂಡಿ ಎನ್ನಬಹುದು.

ಕೊಂಡಿಯೇ ಇಲ್ಲದೆ ನಾಲ್ಕು ತೂತು ಇದ್ದರೆ? ಅದು ಬಹುಮಟ್ಟಿಗೆ ಪ್ಯಾಂಟಿನ ಗುಂಡಿ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಈಚೆಗೆ ರಾಶಿ ರಾಶಿ ತಯಾರಾದವು. ಜನ ಇದನ್ನು ಕಸ ಎಂದು ಬಿಸಾಡುತ್ತಾರೆ. ಬಿಸಾಡಬೇಡಿ. ಅಂಚಿನಲ್ಲಿ ಎಷ್ಟೋ ಸಲ ಟೈಲರ್ ಹೆಸರು, ಊರಿನ ಹೆಸರು ಇರುತ್ತದೆ. ಬ್ರಿಟನ್ನಿನಲ್ಲಿ ಪಿಗಟ್, ಕೆಲ್ಲಿ ಎಂಬ ಹಳೆಯ ವ್ಯಾಪಾರಿ ಡೈರೆಕ್ಟರಿಗಳಿವೆ. ಊರಿನಲ್ಲಿ ಯಾವ ಬೀದಿಯಲ್ಲಿ ಯಾವ ಅಂಗಡಿ ಇತ್ತು ಎಂದು ಅವುಗಳಲ್ಲಿ ಪಟ್ಟಿ ಮಾಡಿದ್ದಾರೆ. ಟೈಲರ್ ಯಾವ ಯಾವ ವರ್ಷದ ಡೈರೆಕ್ಟರಿಯಲ್ಲಿ ಇದ್ದಾನೆ ಎಂದು ನೋಡಿದರೆ ಗುಂಡಿಯ ಕಾಲ ಹತ್ತಿಪ್ಪತ್ತು ವರ್ಷದ ಒಳಗೆ ಬಂದು ನಿಲ್ಲುತ್ತದೆ. ರಾಜರ ನಾಣ್ಯ ಎಲ್ಲರೂ ಎತ್ತಿಡುತ್ತಾರೆ. ಒಬ್ಬ ಟೈಲರ್ ಹೆಸರು ಉಳಿಯುವುದು ಇಂಥ ಕಡೆ ಮಾತ್ರ.

ತಯಾರಕರ ಹೆಸರಿದ್ದರೆ ಕೆಲಸ ಇನ್ನೂ ಸುಲಭ. ಅಮೆರಿಕದ ಉದಾಹರಣೆ ಬಹಳ ಸ್ಪಷ್ಟವಾಗಿದೆ. ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿ ಊರನ್ನು ಹಿತ್ತಾಳೆ ನಗರ ಎಂದೇ ಕರೆಯುತ್ತಿದ್ದರು. ಅಲ್ಲಿನ ಒಂದೇ ಕಾರ್ಖಾನೆ ಪಾಲುದಾರರು ಬದಲಾದ ಹಾಗೆ ಹೆಸರು ಬದಲಿಸಿತು. 1811ರಿಂದ 1827ರವರೆಗೆ 'ಲೆವನ್‌ವರ್ತ್, ಹೇಡನ್ ಆಂಡ್ ಸ್ಕೋವಿಲ್'. ಆಮೇಲೆ 1840ರವರೆಗೆ 'ಜೆ.ಎಂ.ಎಲ್. ಆಂಡ್ ಡಬ್ಲ್ಯು.ಎಚ್. ಸ್ಕೋವಿಲ್'. 1840ರಿಂದ 1850ರವರೆಗೆ 'ಸ್ಕೋವಿಲ್ಸ್ ಆಂಡ್ ಕಂಪನಿ'. 1850ರ ನಂತರ 'ಸ್ಕೋವಿಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ'. ಬೆನ್ನಿನ ಮೇಲಿನ ಒಂದು 'ಎಸ್' ಇದೆಯೋ ಇಲ್ಲವೋ ಎಂಬುದು ಇಡೀ ದಶಕವನ್ನೇ ಬದಲಿಸಿಬಿಡುತ್ತದೆ, ಅದಕ್ಕೇ ಅಕ್ಷರ ಅಕ್ಷರ ಬಿಡಿಸಿ ಓದಬೇಕು. ಇನ್ನೊಂದು ಗುರುತೂ ಇದೆ. ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಹಾಗಾಗಿ ಅಮೆರಿಕದ ನೆಲದಲ್ಲಿ ಸಿಕ್ಕ ಗುಂಡಿಯ ಬೆನ್ನಿನಲ್ಲಿ 'ಇಂಗ್ಲೆಂಡ್' ಎಂಬ ಪದ ಇದ್ದರೆ, ಅದು ಆ ಕಾನೂನಿನ ನಂತರದ್ದಾಗಿರುವ ಸಾಧ್ಯತೆ ತುಂಬಾ ಹೆಚ್ಚು.

ಈಗ ಮುಖಕ್ಕೆ ಬರೋಣ. ಮುಖ ಮಾತಾಡುವುದು ಮುಖ್ಯವಾಗಿ ಸೈನ್ಯದ ಗುಂಡಿಯಲ್ಲಿ.

1767ರ ರಾಜಾಜ್ಞೆಯಂತೆ ಬ್ರಿಟಿಷ್ ಸೈನ್ಯದ ಪ್ರತಿ ಕಾಲ್ದಳದ ಗುಂಡಿಯ ಮೇಲೆ ಆ ದಳದ ಸಂಖ್ಯೆ ಬರಬೇಕಾಯಿತು. ಅದಕ್ಕೂ ಹಿಂದಿನವು ಹೆಚ್ಚಾಗಿ ಬೋಳು. ಅಧಿಕಾರಿಗಳಿಗೆ ಚಿನ್ನ ಅಥವಾ ಬೆಳ್ಳಿ ಬಣ್ಣದ್ದು, ಸಾಮಾನ್ಯ ಸಿಪಾಯಿಗಳಿಗೆ ಪ್ಯೂಟರ್. ಪ್ಯೂಟರ್ ಅಂದರೆ ಹೆಚ್ಚಿನ ಪಾಲು ತವರ ಇರುವ ಮೆತ್ತನೆ ಲೋಹ, ಆಗ ಅದಕ್ಕೆ ಸೀಸವನ್ನೂ ಬೆರೆಸುತ್ತಿದ್ದರು. 1855ರ ಸುಮಾರಿಗೆ ಸಿಪಾಯಿಗಳ ಗುಂಡಿಯೂ ಹಿತ್ತಾಳೆಗೆ ಬದಲಾಯಿತು. 1871ರಲ್ಲಿ ಸಂಖ್ಯೆ ಹೋಗಿ, ಬಹುತೇಕ ಎಲ್ಲ ಸಿಪಾಯಿಗಳಿಗೂ ರಾಜಲಾಂಛನದ ಒಂದೇ ಮಾದರಿ ಬಂತು. 1881ರ ಸುಧಾರಣೆಯಲ್ಲಿ ದಳಗಳ ಸಂಖ್ಯೆಗಳೇ ಹೋಗಿ ಹೆಸರುಗಳು ಬಂದವು. ಹಾಗಾಗಿ ಪ್ಯೂಟರ್ ಗುಂಡಿಯ ಮೇಲೆ '33' ಕಂಡರೆ ಅದು 1767ರಿಂದ 1855ರ ನಡುವಿನ 33ನೇ ದಳದ ಸಿಪಾಯಿಯದ್ದು.

ಆ 33 ನಮಗೆ ಹೊಸದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಕೋಟೆಯ ಹೊರಗಿದ್ದ ಸೈನ್ಯದಲ್ಲಿ ಆರ್ಥರ್ ವೆಲ್ಲೆಸ್ಲಿಯ 33ನೇ ದಳ ಇತ್ತು. 12, 73, 74, 75, 77 ಸಂಖ್ಯೆಯವೂ ಇದ್ದವು. ಆ ದಳಗಳ ಅಂದಿನ ಸಿಪಾಯಿಗಳ ಎದೆಯ ಮೇಲಿದ್ದದ್ದು ಇಂಥವೇ ಸಂಖ್ಯೆಯ ಗುಂಡಿಗಳು. ಬ್ರಿಟಿಷ್ ಗುಂಡಿಗಳ ಪುಸ್ತಕ ತಿರುವುವಾಗ ಈ ಸಂಖ್ಯೆಗಳು ಬಂದರೆ ನನ್ನ ಕೈ ಅಲ್ಲೇ ನಿಂತುಬಿಡುತ್ತದೆ. ಇನ್ನು 17ನೇ ದಳದ ಲಾಂಛನದ ಹುಲಿ. ಹುಲಿ ಅಂದ ಕೂಡಲೇ ನಮಗೆ ಟಿಪ್ಪು ನೆನಪಾಗುವುದು ಸಹಜ, ಅಲ್ವಾ? ಆದರೆ ಆ ಹುಲಿ 1804ರಿಂದ 1823ರವರೆಗಿನ ಭಾರತದ ಸೇವೆಗಾಗಿ 1825ರಲ್ಲಿ ಸಿಕ್ಕ ಗೌರವ. ಶ್ರೀರಂಗಪಟ್ಟಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ರಾಜಲಾಂಛನವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರೊಳಗೇ ಒಂದು ಕ್ಯಾಲೆಂಡರ್ ಇದೆ. ಗುರಾಣಿಯಲ್ಲಿ ಫ್ರಾನ್ಸಿನ ಲಿಲ್ಲಿ ಹೂವಿದ್ದರೆ 1801ಕ್ಕಿಂತ ಹಿಂದಿನ ವಿನ್ಯಾಸ. ಆ ವರ್ಷ ಲಿಲ್ಲಿಯನ್ನು ಕೈಬಿಟ್ಟರು. ದೊಡ್ಡ ಗುರಾಣಿಯ ನಡುವೆ ಹ್ಯಾನೋವರಿನ ಚಿಕ್ಕ ಗುರಾಣಿ ಕೂತಿದ್ದರೆ 1801ರಿಂದ 1837. ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಹ್ಯಾನೋವರ್ ಬೇರೆಯಾಯಿತು, ಚಿಕ್ಕ ಗುರಾಣಿ ಮಾಯವಾಯಿತು. ಕಿರೀಟವೂ ಹೀಗೆಯೇ. ವಿಕ್ಟೋರಿಯಾ ಕಾಲದ ಕಿರೀಟದ ಕಮಾನು ನಡುವೆ ತಗ್ಗಿರುತ್ತದೆ. 1901ರ ನಂತರ ರಾಜರ ಕಾಲದ್ದು ಗುಮ್ಮಟದ ಹಾಗೆ ದುಂಡಗೆ ಮೇಲೆದ್ದಿರುತ್ತದೆ. 1952ರಲ್ಲಿ ಎಲಿಜಬೆತ್ ಬಂದ ಮೇಲೆ ಮತ್ತೆ ನಡು ತಗ್ಗಿದ ಕಿರೀಟ. ಹೊಸಬರು ಎಲಿಜಬೆತ್ ಕಾಲದ ಗುಂಡಿಯನ್ನು ವಿಕ್ಟೋರಿಯಾದು ಎಂದು ಖುಷಿಪಡುವುದು ಇಲ್ಲೇ. ಅನುಮಾನ ಬಂದರೆ ಮತ್ತೆ ಬೆನ್ನಿಗೆ ಹೋಗಿ, ತಯಾರಕರ ಹೆಸರು ತೀರ್ಪು ಕೊಡುತ್ತದೆ. ನಮ್ಮ ಸೈನ್ಯದ ಗುಂಡಿಗೆ ಇನ್ನೂ ಗಟ್ಟಿ ಗಡಿ ಇದೆ. 1950ರಲ್ಲಿ ಗಣರಾಜ್ಯವಾದಾಗ ಕಿರೀಟ ಹೋಗಿ ಅಶೋಕನ ಸಿಂಹ ಬಂತು.

ಒಂದು ಎಚ್ಚರಿಕೆ ಹೇಳಲೇಬೇಕು. ಇಷ್ಟೆಲ್ಲ ಓದಿ ನಮಗೆ ಸಿಗುವುದು ಗುಂಡಿ ತಯಾರಾದ ಕಾಲ. ಅದು ಮಣ್ಣಿಗೆ ಬಿದ್ದ ಕಾಲ ಬೇರೆ. ಒಳ್ಳೆಯ ಕೋಟು ಯಜಮಾನನಿಂದ ಆಳಿಗೆ ಹೋಗುತ್ತಿತ್ತು. ಹರಿದ ಕೋಟಿನ ಗುಂಡಿ ಕಿತ್ತು ಹೊಸ ಕೋಟಿಗೆ ಹಾಕುತ್ತಿದ್ದರು. ನಮ್ಮ ಮನೆಗಳಲ್ಲೂ ಅಜ್ಜಿಯ ಗುಂಡಿ ಡಬ್ಬಿ ಇರಲಿಲ್ಲವೇ? ಇನ್ನೊಂದು ಕಾರಣ ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ಇಂಗ್ಲೆಂಡಿನಲ್ಲಿ ಹಳೆಯ ಉಣ್ಣೆ ಬಟ್ಟೆಯ ಚಿಂದಿಯನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಪಟ್ಟಣದ ಕಸವನ್ನೂ ಗಾಡಿಯಲ್ಲಿ ತಂದು ಸುರಿಯುತ್ತಿದ್ದರು. ಅದರ ಜೊತೆ ಗುಂಡಿಗಳೂ ಬಂದವು. ಹಾಗಾಗಿ ಹೊಲದಲ್ಲಿ ಸೈನ್ಯದ ಗುಂಡಿ ಸಿಕ್ಕಿದ ಮಾತ್ರಕ್ಕೆ ಅಲ್ಲಿ ಯುದ್ಧ ನಡೆದಿತ್ತು ಎನ್ನಲು ಬರುವುದಿಲ್ಲ. ಚಿಂದಿಯ ಮೂಟೆಯಲ್ಲಿ ಬಂದಿರಬಹುದು.

ಹಾಗಾದರೆ ಗುಂಡಿಗಳ ಕಾಲಪಟ್ಟಿ ಮಾಡಿದ್ದು ಹೇಗೆ? ಬಿದ್ದ ಕಾಲ ಖಚಿತವಾಗಿ ಗೊತ್ತಿರುವ ಜಾಗಗಳಿಂದ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಬ್ರನ್ಸ್‌ವಿಕ್ ಎಂಬ ಊರು 1726ರಲ್ಲಿ ಹುಟ್ಟಿ 1776ರಲ್ಲಿ ಸುಟ್ಟುಹೋಯಿತು. ಹತ್ತಿರದಲ್ಲೇ ಫಿಷರ್ ಕೋಟೆ, ಅಂತರ್ಯುದ್ಧದಲ್ಲಿ 1865ರ ಜನವರಿಯಲ್ಲಿ ಬಿತ್ತು. ಪುರಾತತ್ವಜ್ಞ ಸ್ಟ್ಯಾನ್ಲಿ ಸೌತ್ ಈ ಎರಡೂ ಕಡೆ ಸಿಕ್ಕ ಗುಂಡಿಗಳನ್ನು 32 ಬಗೆಯಾಗಿ ವಿಂಗಡಿಸಿ 1964ರಲ್ಲಿ ಪ್ರಕಟಿಸಿದ. ಮೊದಲ ಜಾಗದ ಬಗೆಗಳು ಹದಿನೆಂಟನೇ ಶತಮಾನಕ್ಕೆ, ಎರಡನೆಯದರವು ಹತ್ತೊಂಬತ್ತಕ್ಕೆ. ಇಂದಿಗೂ ಆ ಪಟ್ಟಿಯನ್ನು ಪುರಾತತ್ವದವರು ಉಲ್ಲೇಖಿಸುತ್ತಾರೆ. ಗುಂಡಿ ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. ಜಾಗ ಬರೆಯದೆ ಚೀಲಕ್ಕೆ ಹಾಕಿದ ಗುಂಡಿ ಅರ್ಧ ಮೂಕ.

ಈಗ ನನ್ನ ಒಂದು ತಪ್ಪು ಹೇಳುತ್ತೇನೆ, ನೀವು ಮಾಡಬಾರದು ಎಂದು. ಹಿತ್ತಾಳೆ ಕಂಡರೆ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಮನೆಯ ದೀಪ, ತಂಬಿಗೆ ಎಲ್ಲ ಹಾಗೇ ಬೆಳಗಿದವರು ನಾವು. ಮೊದಲ ವರ್ಷ ಒಂದು ಚಂದದ ಚಿನ್ನಲೇಪದ ಗುಂಡಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದೆ. ಕಿಲುಬು ಹೋಯಿತು. ಅದರ ಜೊತೆ ಚಿನ್ನವೂ ಹೋಯಿತು, ಬೆನ್ನಿನ ಅಕ್ಷರಗಳೂ ಮಸುಕಾದವು. ಉಳಿದದ್ದು ಕೆಂಪು ತಾಮ್ರದ ಬೋಳು ಬಿಲ್ಲೆ. ಹುಳಿ, ತಂತಿ ಬ್ರಷ್, ಪಾಲಿಶ್ ಯಾವುದೂ ಬೇಡ. ಮಣ್ಣು ಒಣಗಲು ಬಿಟ್ಟು, ಮೆತ್ತನೆ ಬ್ರಷ್ಷಿನಿಂದ ಕೊಡವಿ, ಸಂದಿಗೆ ಮರದ ಕಡ್ಡಿ ಬಳಸಿ. ಪ್ಯೂಟರ್ ಆದರೆ ಇನ್ನೂ ಹುಷಾರು, ಉಜ್ಜಿದರೆ ಪುಡಿಯಾಗುತ್ತದೆ. ಅಕ್ಷರ ಓದಲು ಬೆಳಕೇ ಸಾಕು. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಗುಂಡಿಯ ಪಕ್ಕಕ್ಕೆ, ಮೇಜಿನ ಮಟ್ಟದಲ್ಲಿ ಹಿಡಿಯಿರಿ. ಗುಂಡಿಯನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಏನೂ ಕಾಣದ ಕಡೆ ಇನ್ನೊಂದು ಕೋನದಲ್ಲಿ ಅಕ್ಷರಗಳ ನೆರಳು ಎದ್ದು ನಿಲ್ಲುತ್ತದೆ. ಪ್ರತಿ ಕೋನದಲ್ಲಿ ಒಂದೊಂದು ಫೋಟೋ ತೆಗೆದು ಜೋಡಿಸಿ ಓದಿ.

ಇದನ್ನು ಓದಿ ಊರಿನಲ್ಲಿ ಡಿಟೆಕ್ಟರ್ ಹಿಡಿದು ಹೊರಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಇಂಗ್ಲೆಂಡಿನಲ್ಲಿ ಜಮೀನಿನ ಒಡೆಯರ ಅನುಮತಿ ಇದ್ದರೆ ಹುಡುಕಬಹುದು. 1996ರ ಕಾಯ್ದೆಯಂತೆ ನಿಧಿ ಎನಿಸಿದ್ದನ್ನು ತಿಳಿಸಲೇಬೇಕು, ಉಳಿದದ್ದನ್ನು ದಾಖಲಿಸಲು ಸರ್ಕಾರಿ ಬೆಂಬಲದ ಯೋಜನೆ ಇದೆ. ಥೇಮ್ಸ್ ನದಿಯ ದಡಕ್ಕೆ ಬೇರೆಯೇ ಪರವಾನಗಿ ಬೇಕು. ಭಾರತದಲ್ಲಿ ಪರಿಸ್ಥಿತಿ ಬೇರೆ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅಗೆಯುವುದು 1958ರ ಕಾಯ್ದೆಯಡಿ ಅಪರಾಧ. 1878ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಹುದುಗಿದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಶ್ರೀರಂಗಪಟ್ಟಣದ ಮಣ್ಣಿನಲ್ಲಿ ಏನಿದೆಯೋ ಅದು ಇದ್ದ ಜಾಗದಲ್ಲೇ ಇರಲಿ. ಸರಿಯಾಗಿ ಅಗೆಯಬಲ್ಲವರು ಅಗೆಯುವ ದಿನ ಅದು ಮಾತಾಡಲಿ.

ಅಗೆಯದೆಯೂ ಓದಬಹುದಾದ ಗುಂಡಿಗಳು ನಮ್ಮ ಮನೆಗಳಲ್ಲೇ ಇವೆ. ಕಳೆದ ಸಲ ಹುಬ್ಬಳ್ಳಿಗೆ ಹೋದಾಗ ಟ್ರಂಕಿನಲ್ಲಿ ಅಜ್ಜನ ಕೋಟು ಸಿಕ್ಕಿತು. ಅಜ್ಜ ರೈಲ್ವೆಯಲ್ಲಿದ್ದರು. ಕೋಟಿನ ಬಟ್ಟೆಗೆ ನುಸಿ ಹಿಡಿದಿತ್ತು, ಗುಂಡಿಗಳು ಗಟ್ಟಿಯಾಗಿದ್ದವು. ಮುಖದ ಮೇಲೆ 'ಎಂ ಆಂಡ್ ಎಸ್ ಎಂ' ಎಂಬ ಅಕ್ಷರಗಳು: ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಹಳೆಯ ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಈ ಹೆಸರು ಪಡೆಯಿತು. 1951ರ ಏಪ್ರಿಲ್ 14ಕ್ಕೆ ಅದು ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು. ಅಂದರೆ ಗುಂಡಿ ಆ ನಲವತ್ಮೂರು ವರ್ಷಗಳ ನಡುವಿನದು.

ಐದು ಗುಂಡಿಗಳಲ್ಲಿ ಮೂರಕ್ಕೆ ಖಾಕಿ ದಾರ, ಎರಡಕ್ಕೆ ಬಿಳಿ ದಾರ. ಬಿಳಿ ದಾರದ್ದು ಅಜ್ಜಿಯ ಹೊಲಿಗೆ ಎಂದು ಅಮ್ಮ ಹೇಳಿದರು. ನಾನು ಒಂದನ್ನು ಮೆಲ್ಲಗೆ ಎತ್ತಿ, ಕಿಟಕಿಯ ಬೆಳಕಿಗೆ ಓರೆ ಮಾಡಿ, ಹಿಂಬದಿ ನೋಡಿದೆ. ಕೊಂಡಿಯ ಸುತ್ತ ಚಿಕ್ಕ ಅಕ್ಷರಗಳಲ್ಲಿ 'ಬರ್ಮಿಂಗ್‌ಹ್ಯಾಮ್' ಎಂದಿತ್ತು.